ಶಾಲೆ ಬೇಡ ಎನ್ನುವ ಮಕ್ಕಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತಿನ ಸುತ್ತ ಇದ್ದವು: ಮಗು ಶಾಲೆಗೆ ಹೋಗಲ್ಲ ಅನ್ನುತ್ತಿದೆ. ಹೆಸರು ಬಿಟ್ಟು ಆರು ಪತ್ರಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಗನಿಗೆ ಎಂಟು ವರ್ಷ, ಮೂರನೇ ತರಗತಿ. ಬೆಳಿಗ್ಗೆ ಸಮವಸ್ತ್ರ ಕಂಡರೆ ಸಾಕು, ಹೊಟ್ಟೆನೋವು ಅಂತ ಮುದುಡಿಕೊಳ್ಳುತ್ತಾನೆ. ಭಾನುವಾರ ಏನೂ ಇರುವುದಿಲ್ಲ. ಮೊನ್ನೆ “ಗುಬ್ಬಿಗೆ ಸ್ಕೂಲ್ ಇಲ್ಲ ಅಲ್ವಾ ಅಮ್ಮಾ, ನಾನೂ ಗುಬ್ಬಿ ಆಗ್ತೀನಿ” ಅಂದ. ಎರಡೇಟು ಬಿಟ್ಟರೆ ಸರಿಹೋಗುತ್ತಾನೆ ಅನ್ನುತ್ತಾರೆ ಇವರಪ್ಪ. ನಾಟಕವೋ ನಿಜವೋ ತಿಳಿಯುತ್ತಿಲ್ಲ. — ಒಬ್ಬ ತಾಯಿ, ದಾವಣಗೆರೆ

ಉತ್ತರ: ನೋವು ನಿಜ. ಭಯವಾದಾಗ ದೊಡ್ಡವರ ಹೊಟ್ಟೆಯೂ ಹಿಂಡುತ್ತದೆ. ಮಗುವಿಗೆ “ನನಗೆ ದಿಗಿಲಾಗುತ್ತಿದೆ” ಎಂದು ಹೇಳಲು ಬರುವುದಿಲ್ಲ, ಹೊಟ್ಟೆ ಹಿಡಿದುಕೊಳ್ಳಲು ಬರುತ್ತದೆ. ಹಾಗಂತ ದಿಗಿಲೇ ಕಾರಣ ಎಂದು ಮೊದಲ ದಿನವೇ ತೀರ್ಮಾನಿಸಬೇಡಿ. ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ತೂಕ ಇಳಿಯುವುದು, ಮಲದಲ್ಲಿ ರಕ್ತ, ಮತ್ತೆ ಮತ್ತೆ ವಾಂತಿ, ಇವುಗಳಲ್ಲಿ ಒಂದಿದ್ದರೂ ಮೊದಲು ಮಕ್ಕಳ ವೈದ್ಯರ ಬಳಿಗೆ ಹೋಗಿ.

ಇವೇನೂ ಇಲ್ಲದಿದ್ದರೆ ಮೊದಲು ಶಾಲೆಯ ಶೌಚಾಲಯದ ಬಗ್ಗೆ ವಿಚಾರಿಸಿ. ಯಾರೂ ಇದನ್ನು ಕೇಳುವುದಿಲ್ಲ. ಬಾಗಿಲಿಗೆ ಚಿಲಕ ಇಲ್ಲ, ನೀರಿಲ್ಲ, ವಾಸನೆ ಎಂದು ಎಷ್ಟೋ ಮಕ್ಕಳು ಬೆಳಿಗ್ಗೆಯಿಂದ ಸಂಜೆಯವರೆಗೆ ತಡೆದುಕೊಂಡಿರುತ್ತಾರೆ. ಹೋಗಬೇಕಾದೀತೆಂದು ನೀರನ್ನೂ ಕುಡಿಯುವುದಿಲ್ಲ. ವಾರಗಟ್ಟಲೆ ಹೀಗಾದರೆ ಮಲಬದ್ಧತೆ ಕಟ್ಟಿಟ್ಟದ್ದು, ಹೊಟ್ಟೆನೋವೂ ನಿಜವಾಗಿಯೇ ಬರುತ್ತದೆ. ಸಂಜೆ ಮನೆಗೆ ಬಂದವನೇ ಬಚ್ಚಲಿಗೆ ಓಡುತ್ತಾನೆಯೇ, ನೀರಿನ ಬಾಟಲಿ ತುಂಬಿದ್ದು ತುಂಬಿದಂತೆ ವಾಪಸು ಬರುತ್ತದೆಯೇ, ಗಮನಿಸಿ.

ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ದಿನಾಂಕ, ವಾರ, ನೋವು ಶುರುವಾದ ಹೊತ್ತು, ನಿಂತ ಹೊತ್ತು, ಆ ದಿನದ ಪಿರಿಯಡ್‌ಗಳು, ಶಾಲೆಗೆ ಹೋದನೋ ಇಲ್ಲವೋ. ಸೋಮವಾರ ಮತ್ತು ರಜೆಯ ಮರುದಿನ ಮಾತ್ರ ಹೆಚ್ಚಾದರೆ ಮನೆ ಬಿಟ್ಟು ಹೋಗುವುದೇ ಅವನಿಗೆ ಕಷ್ಟವಾಗುತ್ತಿದೆ. ಗಣಿತವಿರುವ ದಿನಗಳಲ್ಲೇ ಬಂದರೆ ಗಣಿತ ಅಥವಾ ಆ ಶಿಕ್ಷಕರು ಕಾರಣವಿರಬಹುದು. ಬಸ್ಸಿನಲ್ಲಿ ಹೋಗುವ ದಿನ ಬಂದು, ಅಪ್ಪನ ಬೈಕಿನಲ್ಲಿ ಹೋಗುವ ದಿನ ಬರದಿದ್ದರೆ ಬಸ್ಸಿನಲ್ಲಿ ಏನೋ ನಡೆಯುತ್ತಿದೆ.

“ಯಾಕೆ ಹೋಗಲ್ಲ?” ಎಂಬ ಪ್ರಶ್ನೆಗೆ ಎಂಟು ವರ್ಷದ ಮಗುವಿನ ಬಳಿ ಉತ್ತರ ಇರುವುದಿಲ್ಲ. ಅದರ ಬದಲು ಶನಿವಾರ ಮಧ್ಯಾಹ್ನ ಒಂದು ಉದ್ದನೆಯ ಹಾಳೆ ಹಾಸಿ, ಎದ್ದಾಗಿನಿಂದ ಮಲಗುವವರೆಗಿನ ಅವನ ದಿನವನ್ನು ಗೆರೆಯಂತೆ ಎಳೆಸಿ. ಹಲ್ಲುಜ್ಜುವುದು, ಬಸ್ಸು, ಪ್ರಾರ್ಥನೆ, ಒಂದೊಂದು ಪಿರಿಯಡ್ಡು, ಊಟ, ಆಟ, ಎಲ್ಲವೂ ಬರಲಿ. ಕೈಗೆ ಇಪ್ಪತ್ತು ಹುಣಸೆಬೀಜ ಕೊಟ್ಟು “ಕಷ್ಟ ಇರೋ ಕಡೆ ಇಡು, ಜಾಸ್ತಿ ಕಷ್ಟ ಇದ್ದರೆ ಜಾಸ್ತಿ ಬೀಜ” ಅನ್ನಿ. ಆಮೇಲೆ ಸುಮ್ಮನಿರಿ. ಇಡೀ ಶಾಲೆಯೇ ಬೇಡ ಎನ್ನುತ್ತಿದ್ದ ಮಗು ಹನ್ನೆರಡು ಬೀಜ ತಂದು ಒಂದೇ ಜಾಗದಲ್ಲಿ ಸುರಿಯಬಹುದು. ನಿಮಗೆ ಬೇಕಾದದ್ದು ಆ ಜಾಗ. ಭಾನುವಾರ ರಾತ್ರಿ ಮಾತ್ರ ಇದನ್ನು ಮಾಡಬೇಡಿ, ಅಷ್ಟು ಹೊತ್ತಿಗೆ ಮರುದಿನದ ದಿಗಿಲು ಹತ್ತಿರುತ್ತದೆ.

ಮೂರನೇ ತರಗತಿ ಎಂದು ಬರೆದಿದ್ದೀರಿ, ಆದ್ದರಿಂದ ಓದನ್ನೂ ಪರೀಕ್ಷಿಸಿ. ಎರಡನೇ ತರಗತಿಯ ಕನ್ನಡ ಪುಸ್ತಕದಲ್ಲಿ ಅವನಿಗೆ ಬಾಯಿಪಾಠವಾಗಿರದ ಒಂದು ಪುಟ ಕೊಟ್ಟು ಗಟ್ಟಿಯಾಗಿ ಓದಿಸಿ. ಪ್ರತಿ ಒತ್ತಕ್ಷರದಲ್ಲೂ ನಿಂತರೆ, ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿದರೆ, ಸಾಲು ತಪ್ಪಿದರೆ ಮೊದಲು ಕಣ್ಣು, ಕಿವಿ ತೋರಿಸಿ. ಅವು ಸರಿಯಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ, ಅದಕ್ಕೆ ಇದೇ ತಕ್ಕ ವಯಸ್ಸು. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಇದು ಆಗುತ್ತದೆ. ದಾವಣಗೆರೆಯಲ್ಲೇ ಯಾರಿಗೆ ತೋರಿಸಬಹುದು ಎಂದು ಜಿಲ್ಲಾಸ್ಪತ್ರೆಯಲ್ಲಿ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ, ಮುಂದೆ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ ಸಿಗುವುದು ಕಲಿಕಾ ನ್ಯೂನತೆಯ ಪ್ರಮಾಣಪತ್ರದ ಮೇಲೆ.

ಇನ್ನು ದಿನಚರಿ. ಶಾಲೆ ಪೂರ್ತಿ ಬಿಡಿಸಬೇಡಿ. ಮನೆಯಲ್ಲಿ ಉಳಿದ ಒಂದೊಂದು ದಿನವೂ ಮರುದಿನದ ಹೆಜ್ಜೆಯನ್ನು ಭಾರ ಮಾಡುತ್ತದೆ. ಮುಖ್ಯ ಶಿಕ್ಷಕರ ಜೊತೆ ಮಾತಾಡಿ, ಮೂರು ದಿನ ಅವನಿಗೆ ಅತಿ ಕಡಿಮೆ ಬೀಜ ಬಿದ್ದ ಹೊತ್ತಿಗೆ ಮಾತ್ರ ಕಳಿಸಿ. ಅದು ಮಧ್ಯಾಹ್ನದ ಆಟದ ಪಿರಿಯಡ್ಡೂ ಆಗಬಹುದು. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಪಿರಿಯಡ್ ಸೇರಿಸುತ್ತಾ ಹೋಗಿ. ಗೇಟಿನ ಬಳಿ ದಿನವೂ ಅದೇ ಒಬ್ಬ ಟೀಚರ್ ಬಂದು ಕೈ ಹಿಡಿದುಕೊಳ್ಳಲಿ. ನೀವು ಒಂದು ನಿಮಿಷದೊಳಗೆ ಹೊರಟುಬಿಡಿ. ಕಿಟಕಿಯಲ್ಲಿ ಇಣುಕುತ್ತಾ ನಿಂತರೆ ಅವನ ಅಳು ನಿಲ್ಲುವುದಿಲ್ಲ. ಮನೆಯಲ್ಲಿ ಉಳಿದ ದಿನ ಶಾಲೆಯ ಹೊತ್ತು ಮುಗಿಯುವವರೆಗೆ ಟಿವಿ, ಮೊಬೈಲ್ ಬೇಡ. ಶಿಕ್ಷೆಯ ದನಿಯಲ್ಲಿ ಹೇಳದೆ, ಅದು ಮನೆಯ ಪದ್ಧತಿ ಎನ್ನುವಂತೆ ಹೇಳಿ. ಮೊಬೈಲ್ ಸಿಕ್ಕರೆ ನಾಲ್ಕನೇ ದಿನದಿಂದ ಅವನು ತಪ್ಪಿಸಿಕೊಳ್ಳುತ್ತಿರುವುದು ದಿಗಿಲಿನಿಂದಲೋ ಮೊಬೈಲಿಗಾಗಿಯೋ ಎಂದು ನಿಮಗೇ ತಿಳಿಯದಂತಾಗುತ್ತದೆ.

ಅವರಪ್ಪನಿಗೆ ಇದನ್ನು ಓದಿ ಹೇಳಿ: ಪೆಟ್ಟು ತಿಂದ ಮಗು ಶಾಲೆಗೆ ಹೋಗಬಹುದು, ಆದರೆ ಬಸ್ಸಿನಲ್ಲಿ ಯಾರೋ ಕಿವಿ ಹಿಂಡುತ್ತಾರೆ ಎಂಬುದನ್ನು ಮತ್ತೆಂದೂ ಹೇಳುವುದಿಲ್ಲ. ಹೊಡೆತ ಶಾಲೆಯಲ್ಲೇ ಬೀಳುತ್ತಿದ್ದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮುಖ್ಯ ಶಿಕ್ಷಕರಿಗೆ, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಯಾವ ಸುಧಾರಣೆಯೂ ಕಾಣದಿದ್ದರೆ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮೊಮ್ಮಗಳು ಐದನೇ ಕ್ಲಾಸು. ನಾಲ್ಕೂವರೆಗೆ ಬರುತ್ತಾಳೆ, ಐದಕ್ಕೆ ಟ್ಯೂಷನ್, ಆರೂವರೆಗೆ ಅಬ್ಯಾಕಸ್, ಆಮೇಲೆ ಹೋಂವರ್ಕ್. ಅಂಗಳಕ್ಕೆ ಇಳಿದು ಎಷ್ಟು ದಿನವಾಯಿತೋ. ನಾನು ಹೇಳಿದರೆ ಮಗ ಸೊಸೆಗೆ ಹಳೆಯ ಕಾಲದ ಮಾತು. — ಒಬ್ಬ ಅಜ್ಜಿ, ಮೈಸೂರು

ಉತ್ತರ: ನಿಮ್ಮ ಮಾತು ಹಳೆಯದಲ್ಲ ಅಮ್ಮ, 2020ರ ಕೇಂದ್ರದ ಶಾಲಾ ಬ್ಯಾಗ್ ನೀತಿಯೂ ಅದನ್ನೇ ಹೇಳುತ್ತದೆ. ಅದರಂತೆ ಎರಡನೇ ತರಗತಿಯವರೆಗೆ ಮನೆಗೆಲಸವೇ ಇಲ್ಲ. ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ. ದಿನಕ್ಕಲ್ಲ, ವಾರಕ್ಕೆ. ಈ ವಾರ ಅವಳ ಹೋಂವರ್ಕಿನ ನಿಮಿಷಗಳನ್ನು ಕ್ಯಾಲೆಂಡರಿನ ಮೇಲೆ ಬರೆಯುತ್ತಾ ಬನ್ನಿ, ಶನಿವಾರ ಕೂಡಿಸಿ ಮಗನ ಮುಂದಿಡಿ. ಬ್ಯಾಗನ್ನೂ ತೂಗಿ: ಮೂರರಿಂದ ಐದನೇ ತರಗತಿಗೆ ಎರಡರಿಂದ ಮೂರು ಕೆಜಿ ಎಂದು ರಾಜ್ಯ ಸರ್ಕಾರ 2019ರಲ್ಲೇ ಸುತ್ತೋಲೆ ಹೊರಡಿಸಿದೆ. ಟ್ಯೂಷನ್, ಅಬ್ಯಾಕಸ್ ಎರಡರಲ್ಲಿ ಯಾವುದನ್ನು ಬಿಡಬೇಕೆಂದು ಅವಳೇ ಹೇಳಲಿ. ಹಾಗೆ ಸಿಕ್ಕ ಒಂದು ಗಂಟೆಗೆ ಚಿತ್ರಕಲೆ ತರಗತಿ ತಂದು ತುಂಬಿಸದಂತೆ ಕಾಯುವ ಕೆಲಸ ನಿಮ್ಮದು. ಮೊದಲ ವಾರ “ಬೋರಾಗ್ತಿದೆ ಅಜ್ಜಿ” ಎಂದು ಸುತ್ತುತ್ತಾಳೆ. ಏನನ್ನೂ ಸೂಚಿಸಬೇಡಿ. ಸುಮಾರು ಹತ್ತನೇ ದಿನಕ್ಕೆ ಅವಳೇ ಏನಾದರೂ ಹುಡುಕಿಕೊಳ್ಳುತ್ತಾಳೆ.

ಪ್ರಶ್ನೆ: ನಾನು ಏಳನೇ ತರಗತಿ. ಶಾಲೆಯಲ್ಲಿ ಕಿಟಕಿ ಬದಿಗೆ ಕೂತರೆ ಅಡಿಕೆ ತೋಟ ಕಾಣುತ್ತದೆ, ಸರ್ ಜಾಗ ಬದಲಿಸಿದರು. ಅಜ್ಜನ ಜೊತೆ ತೋಟದಲ್ಲಿದ್ದರೆ ನನಗೆ ಎಲ್ಲ ಅರ್ಥವಾಗುತ್ತದೆ. ಕೊಳೆ ಬಿದ್ದ ಅಡಿಕೆ ದೂರದಿಂದಲೇ ಗೊತ್ತಾಗುತ್ತದೆ. ಶಾಲೆ ಬಿಟ್ಟರೆ ಏನಾಗುತ್ತದೆ? — ಒಬ್ಬ ಹುಡುಗ, ಶಿರಸಿ ಹತ್ತಿರ

ಉತ್ತರ: ಪುಟ್ಟ, ಇಂಥ ಪ್ರಶ್ನೆ ಕೇಳಿದ್ದಕ್ಕೆ ಯಾರೂ ನಿನ್ನನ್ನು ಬಯ್ಯಬಾರದು. ನಿನ್ನ ಕೇಳಿಕೆ ನ್ಯಾಯವಾದದ್ದು. ಆದರೆ ನಿಜ ಹೇಳಬೇಕು: 6ರಿಂದ 14 ವರ್ಷದವರೆಗೆ ನಿನ್ನನ್ನು ಶಾಲೆಗೆ ಕಳಿಸುವುದು ಅಪ್ಪ ಅಮ್ಮನ ಕರ್ತವ್ಯ ಎಂದು ಕಾಯ್ದೆ ಹೇಳುತ್ತದೆ. ಈಗ ಬಿಟ್ಟರೆ ಶಾಲೆಯವರು ಮನೆಗೆ ಬಂದು ವಿಚಾರಿಸುತ್ತಾರೆ, ನಿನ್ನ ಹೆಸರು ಶಾಲೆಬಿಟ್ಟವರ ಪಟ್ಟಿಗೆ ಹೋಗುತ್ತದೆ. ಶಾಲೆಯ ಹೊತ್ತು ಮುಗಿದ ಮೇಲೆ ಮತ್ತು ರಜೆಯಲ್ಲಿ ಮನೆಯ ತೋಟದ ಅಪಾಯವಿಲ್ಲದ ಕೆಲಸದಲ್ಲಿ ಕೈಜೋಡಿಸಲು ಕಾನೂನಿನ ಅಡ್ಡಿಯಿಲ್ಲ. ಮದ್ದು ಹೊಡೆಯುವುದು, ಮರ ಹತ್ತುವುದು ಬೇಡ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕವನ್ನು ಮಾತ್ರ ಅಜ್ಜನಿಂದ ಕಲಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂದರೆ ಶೇಕಡಾ ಒಂದರ ದ್ರಾವಣ. ನಿನ್ನ ಏಳನೇ ತರಗತಿಯ ಶೇಕಡಾ ಲೆಕ್ಕ ಇದೇ.

ಈಗ ಒಂದು ಕೆಲಸ ಹೇಳುತ್ತೇವೆ. ಸುತ್ತಳತೆ ಮೇಲಿಂದ ಕೆಳಗೆ ಒಂದೇ ಸಮನಾಗಿರುವ ಎರಡು ಲೀಟರಿನ ಬಾಟಲಿ ತೆಗೆದುಕೊ. ಅದರ ಮೇಲ್ಭಾಗ ಕತ್ತರಿಸಿ, ಆ ತುಂಡನ್ನು ಬೋರಲಾಗಿ ಆಲಿಕೆಯ ಹಾಗೆ ಕೂರಿಸು. ತಳದ ಉಬ್ಬುತಗ್ಗು ಮುಚ್ಚುವಷ್ಟು ಬೆಣಚುಕಲ್ಲು ಹಾಕಿ, ಕಲ್ಲು ಮುಳುಗುವಷ್ಟು ನೀರು ಹಾಕು. ನೀರಿನ ಮಟ್ಟಕ್ಕೆ ಸೊನ್ನೆ ಎಂದು ಗುರುತು ಹಾಕಿ, ಅಲ್ಲಿಂದ ಮೇಲಕ್ಕೆ ಸ್ಕೇಲಿನ ಮಿಲಿಮೀಟರ್ ಪಟ್ಟಿ ಅಂಟಿಸು. ಮರದ ಹನಿ ಬೀಳದ ಬಯಲಲ್ಲಿಡು. ದಿನವೂ ಬೆಳಿಗ್ಗೆ ಎಂಟೂವರೆಗೆ ಓದು, ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಓದುತ್ತಾರೆ. ಓದಿದ ಮೇಲೆ ನೀರನ್ನು ಮತ್ತೆ ಸೊನ್ನೆಗೆ ತಾ. ನಿಮ್ಮ ಕಡೆಯ ಜೋರು ಮಳೆಗೆ ಬಾಟಲಿ ತುಂಬಿ ಚೆಲ್ಲಬಹುದು, ಆಗ ಸಂಜೆಯೂ ಒಮ್ಮೆ ಓದಿ ಎರಡನ್ನೂ ಕೂಡಿಸು. ಅದರ ಜೊತೆಗೆ ಹತ್ತು ಮರಗಳಿಗೆ ಸುಣ್ಣದ ಗುರುತು ಹಾಕಿ, ಪ್ರತಿ ಭಾನುವಾರ ಪ್ರತಿ ಮರದ ಬುಡದಲ್ಲಿ ಉದುರಿದ ಕೊಳೆ ಅಡಿಕೆ ಎಣಿಸಿ ಬರೆ. ಎಣಿಸಿದ್ದನ್ನು ಹೆಕ್ಕಿ ತೆಗೆದುಬಿಡು, ಇಲ್ಲದಿದ್ದರೆ ಮುಂದಿನ ವಾರ ಅದನ್ನೇ ಮತ್ತೆ ಎಣಿಸುತ್ತೀಯ. ಮದ್ದು ಹೊಡೆದ ದಿನವನ್ನೂ ಗುರುತಿಸು. ಮೂರು ತಿಂಗಳ ಪುಸ್ತಕವನ್ನು ವಿಜ್ಞಾನದ ಸರ್‌ಗೆ ತೋರಿಸಿ, ಯೋಜನಾ ಕೆಲಸವಾಗಿ ತೆಗೆದುಕೊಳ್ಳುತ್ತೀರಾ ಎಂದು ಕೇಳು.

ನಿಮ್ಮ ಪಂಚಾಯತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ನೀನೇ ಎದ್ದು ನಿಂತು ಮಾತಾಡಬಹುದು. ವಾರಕ್ಕೊಂದು ದಿನ ತೋಟದಲ್ಲಿ ಪಾಠ ಬೇಕು ಎಂದು ಬರೆದುಕೊಂಡು ಹೋಗು. ಬರೆದುಕೊಟ್ಟ ಬೇಡಿಕೆಗೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಶಾಲೆಯಲ್ಲಿ ಯಾರಾದರೂ ಹೊಡೆಯುತ್ತಿದ್ದು, ನೀನು ಅದನ್ನು ಪತ್ರದಲ್ಲಿ ಬರೆಯದೆ ಬಿಟ್ಟಿದ್ದರೆ, 1098ಕ್ಕೆ ಫೋನ್ ಮಾಡು. ದುಡ್ಡು ಬೇಡ.

ಪ್ರಶ್ನೆ: ಮಗಳಿಗೆ ಹದಿನಾಲ್ಕು ತುಂಬಿದೆ, ಒಂಬತ್ತನೇ ತರಗತಿ. ಚಿತ್ರ ಬರೆಯುವ ಹುಚ್ಚು. ಶಾಲೆ ಬಿಟ್ಟು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಕಟ್ಟುತ್ತೇನೆ ಅನ್ನುತ್ತಾಳೆ. ಒಪ್ಪಬಹುದೇ? — ಒಬ್ಬ ತಂದೆ, ಬೆಂಗಳೂರು

ಉತ್ತರ: ಒಪ್ಪಬಹುದು, ಆದರೆ ದಸರಾ ರಜೆ ಕಳೆಯುವವರೆಗೆ ಟಿಸಿ ಕೇಳಬೇಡಿ. ಆ ರಜೆಯನ್ನೇ ಪರೀಕ್ಷೆಯಾಗಿ ಬಳಸಿ. ಶಾಲೆ ಇಲ್ಲದಂತೆ ಅವಳ ದಿನವನ್ನು ಅವಳೇ ನಡೆಸಲಿ, ನೀವು ಎಬ್ಬಿಸಬೇಡಿ, ನೆನಪಿಸಬೇಡಿ. ಮೊದಲ ಕೆಲವು ದಿನ ಬರೀ ನಿದ್ದೆ ಮಾಡಿದರೆ ಗಾಬರಿ ಬೇಡ, ಅದು ದಣಿವು. ಆಮೇಲೂ ಪುಸ್ತಕ ತೆರೆಯದಿದ್ದರೆ ಅವಳಿಗೆ ಈಗ ಬೇಕಿರುವುದು ವಿಶ್ರಾಂತಿ, ಬೇರೆ ಮಂಡಳಿಯಲ್ಲ.

ಎನ್‌ಐಒಎಸ್ ಸೆಕೆಂಡರಿಗೆ 14 ತುಂಬಿರಬೇಕು. ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಚಿತ್ರಕಲೆಯನ್ನೇ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು, ಕನ್ನಡವೂ ಭಾಷೆಗಳ ಪಟ್ಟಿಯಲ್ಲಿದೆ. ನೋಂದಣಿ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯಬಹುದು. ಏಪ್ರಿಲ್–ಮೇ ಒಮ್ಮೆ, ಅಕ್ಟೋಬರ್–ನವೆಂಬರ್ ಒಮ್ಮೆ ಪರೀಕ್ಷೆ. ಐದನ್ನೂ ಒಟ್ಟಿಗೆ ಬರೆಯಬೇಕಿಲ್ಲ. ಮೊದಲ ಸಲ ಎರಡೇ ವಿಷಯ ಕಟ್ಟಿಸಿ. ಪಾಸಿಗೆ ಶೇ. 33.

ಎಡವುವುದು ಮೂರು ಕಡೆ. ಒಂದು, ಸುಲಭವಾದ ವಿಷಯಗಳನ್ನೇ ಆರಿಸಿ ಗಣಿತ, ವಿಜ್ಞಾನ ಬಿಟ್ಟುಬಿಡುವುದು. ಮುಂದೆ ಪಿಯುಸಿಯಲ್ಲಿ ವಿಜ್ಞಾನ ಬೇಕೆನಿಸಿದರೆ ಬಾಗಿಲು ಮುಚ್ಚಿರುತ್ತದೆ. ಹದಿನಾಲ್ಕರ ಮನಸ್ಸು ಹದಿನಾರಕ್ಕೆ ಬದಲಾಗುತ್ತದೆ, ಆದ್ದರಿಂದ ಆ ಎರಡನ್ನೂ ಉಳಿಸಿಕೊಳ್ಳಲು ನಾವು ಒತ್ತಾಯಿಸಿಯೇ ಹೇಳುತ್ತೇವೆ. ಎರಡು, ಟಿಎಂಎ ಎಂಬ ಮನೆಯಲ್ಲಿ ಬರೆದು ಕೊಡುವ ನಿಯೋಜಿತ ಕೆಲಸ. ಅದಕ್ಕೆ ಶೇ. 20ರ ತೂಕವಿದೆ. ಕೊನೆಯ ದಿನಾಂಕ ನೆನಪಿಸುವ ಕ್ಲಾಸ್ ಟೀಚರ್ ಇರುವುದಿಲ್ಲ, ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಮೂರು, ಒಂಟಿತನ. ಮೊದಲ ಎರಡು ತಿಂಗಳು ಹಬ್ಬ, ಮೂರನೆಯ ತಿಂಗಳು ಗೆಳತಿಯರು ಶಾಲಾ ಪ್ರವಾಸಕ್ಕೆ ಹೊರಟಾಗ ಬಾಗಿಲು ಹಾಕಿಕೊಳ್ಳುತ್ತಾಳೆ. ವಾರಕ್ಕೆ ಮೂರು ದಿನವಾದರೂ ಓರಗೆಯವರ ಜೊತೆ ಬೆರೆಯುವ ಜಾಗ ಮೊದಲೇ ಗೊತ್ತುಮಾಡಿ: ಚಿತ್ರಶಾಲೆ, ಆಟದ ಮೈದಾನ, ರಂಗ ತಂಡ. ಕನ್ನಡ ಮಾಧ್ಯಮದಲ್ಲಿ ಓದಿದವಳಾದರೆ ಆರಿಸುವ ಪ್ರತಿ ವಿಷಯದ ಪುಸ್ತಕ ಯಾವ ಭಾಷೆಯಲ್ಲಿದೆ ಎಂದು ಹಣ ಕಟ್ಟುವ ಮುನ್ನ ನೋಡಿ.

ಶಾಲೆ ಬಿಡದೆಯೂ ಒಂದು ದಾರಿಯಿದೆ. ಬೇರೆ ಶಾಲೆ ಹುಡುಕುವಾಗ ಕಟ್ಟಡ ನೋಡದೆ ವೇಳಾಪಟ್ಟಿ ಕೇಳಿ: ವಾರದಲ್ಲಿ ಚಿತ್ರಕಲೆಗೆ ಎಷ್ಟು ಪಿರಿಯಡ್ಡು, ಮಾರ್ಚ್ ಹತ್ತಿರವಾದಾಗ ಆ ಪಿರಿಯಡ್ಡು ಗಣಿತಕ್ಕೆ ಹೋಗುತ್ತದೆಯೋ ಉಳಿಯುತ್ತದೆಯೋ.

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿದ್ದೇವೆ. ಏಳು ವರ್ಷದ ಮಗನನ್ನು ಮನೆಯಲ್ಲೇ ಕಲಿಸಬಹುದೇ?

ಉತ್ತರ: ಆಗುವುದಿಲ್ಲ. ಜರ್ಮನಿಯಲ್ಲಿ ಮಗು ಶಾಲೆಗೇ ಹೋಗಬೇಕು, ತಪ್ಪಿಸಿದ ಪೋಷಕರಿಗೆ ದಂಡವಿದೆ. ಮನೆಯಲ್ಲಿ ಕಲಿಸುತ್ತಿದ್ದ ಒಂದು ಕುಟುಂಬದ ಮೊಕದ್ದಮೆಯಲ್ಲಿ 2019ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಜರ್ಮನಿಯ ಪರವಾಗಿಯೇ ತೀರ್ಪು ಕೊಟ್ಟಿದೆ. ಊರಿಗೆ ಬರಲು ರಜೆಗೆ ಎರಡು ದಿನ ಮುಂಚೆ ಹೊರಟರೂ ಶಾಲೆಯ ಲಿಖಿತ ಅನುಮತಿ ಬೇಕು. ಮಾಂಟೆಸರಿ, ವಾಲ್ಡಾರ್ಫ್ ಶಾಲೆಗಳು ಅಲ್ಲಿ ಕಾನೂನಿಗೆ ಒಳಪಟ್ಟೇ ನಡೆಯುತ್ತವೆ, ಅವುಗಳನ್ನು ವಿಚಾರಿಸಿ.

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾಲ್ಕು, ಐದು ಸೇರಿ 34 ಮಕ್ಕಳು. ಮೂರನೇ ತರಗತಿವರೆಗೆ ನಗುತ್ತಾ ಬರುತ್ತಿದ್ದವು ನಾಲ್ಕಕ್ಕೆ ಬಂದ ಕೂಡಲೇ ಕಿಟಕಿ ನೋಡುತ್ತಾ ಕೂರುತ್ತವೆ. ಹೊರಗೆ ಕರೆದುಕೊಂಡು ಹೋದರೆ ಗದ್ದಲ, ಪಾಠವಾಗುವುದಿಲ್ಲ.

ಉತ್ತರ: ನೀವು ಕಂಡದ್ದು ಸರಿ, ಕಾರಣವೂ ಅಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಮೂರನೇ ತರಗತಿವರೆಗಿನ ನಲಿ-ಕಲಿ ಪದ್ಧತಿಯಲ್ಲಿ ಮಗು ನೆಲದ ಮೇಲೆ ಗುಂಪಿನಲ್ಲಿ ಕೂತು, ತನ್ನ ಕಾರ್ಡು ತಾನೇ ತಂದು, ಕಲಿಕಾ ಏಣಿಯಲ್ಲಿ ತನ್ನ ವೇಗಕ್ಕೆ ಹತ್ತುತ್ತದೆ. ಮೂರನೇ ತರಗತಿ ಮುಗಿದ ಮರುದಿನ ಸಾಲಾಗಿ ಕೂತು ಎಲ್ಲರೂ ಒಂದೇ ಪುಟ ತೆರೆಯಬೇಕು. ಮೊದಲ ತಿಂಗಳಾದರೂ ನಾಲ್ಕನೇ ತರಗತಿಯನ್ನು ಐದೈದು ಮಕ್ಕಳ ಗುಂಪಿನಲ್ಲಿ ನೆಲದ ಮೇಲೇ ಕೂರಿಸಿ.

ಹೊರಗಿನ ಪಾಠ ಕೆಡುವುದು ಹೆಚ್ಚಾಗಿ ವಿವರಣೆಯನ್ನು ಹೊರಗೆ ಹೋಗಿ ಕೊಡುವುದರಿಂದ. ಬಯಲಲ್ಲಿ ದನಿ ಚದುರುತ್ತದೆ, ಹಿಂದಿನ ಸಾಲಿಗೆ ಕೇಳುವುದಿಲ್ಲ. 40 ನಿಮಿಷದಲ್ಲಿ ಮೊದಲ ಐದು ನಿಮಿಷ ಒಳಗೇ ಹೇಳಿ ಮುಗಿಸಿ, 25 ನಿಮಿಷ ಹೊರಗೆ, 10 ನಿಮಿಷ ಮತ್ತೆ ಒಳಗೆ ಬರೆಯಲು. ಪ್ರತಿ ಗುಂಪಿಗೆ ಒಂದೇ ಕೆಲಸ, ಒಂದೇ ಜಾಗ. ಗಡಿಗೆ ಸುಣ್ಣದ ಗೆರೆ. ಮೊದಲ ಎರಡು ಸಲ ಗದ್ದಲವಾಗಿಯೇ ಆಗುತ್ತದೆ. ತಿಂಗಳ ಮೂರನೇ ಶನಿವಾರದ ಬ್ಯಾಗ್‌ರಹಿತ ಸಂಭ್ರಮ ಶನಿವಾರದಲ್ಲಿ ಶುರುಮಾಡಿ, ಯಾರೂ ಆಕ್ಷೇಪಿಸುವುದಿಲ್ಲ. ಬೇಸಿಗೆ ಹತ್ತಿರವಾದಾಗ ಬೆಳಗಿನ ಮೊದಲ ಪಿರಿಯಡ್ಡೇ ಸರಿ.

ನೆರಳಿನ ಕೋಲಿನಿಂದ ಆರಂಭಿಸಿ, ಖರ್ಚಿಲ್ಲ. ಒಂದು ಮೀಟರ್ ಉದ್ದದ ನೇರ ಕೋಲನ್ನು ಮಣ್ಣು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿ. ನೆಲದಿಂದ ಕೋಲಿನ ತುದಿಯವರೆಗೆ ಒಂದು ಮೀಟರ್ ಇರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ನೋಡಿ. ಹತ್ತರಿಂದ ಮೂರರವರೆಗೆ ಅರ್ಧ ಗಂಟೆಗೊಮ್ಮೆ ಇಬ್ಬರು ಮಕ್ಕಳು ಎದ್ದು ಹೋಗಿ ನೆರಳಿನ ತುದಿಗೆ ಕಲ್ಲಿಟ್ಟು, ಉದ್ದ ಅಳೆದು ಬರಲಿ. ಕಿಟಕಿ ನೋಡುವ ಮಗುವಿಗೆ ಎದ್ದು ಹೋಗಲು ಇದೊಂದು ನ್ಯಾಯವಾದ ಕಾರಣ. ಪಾಠ ಒಳಗೆ ನಡೆಯುತ್ತಲೇ ಇರಲಿ.

ಎಲ್ಲಕ್ಕಿಂತ ಗಿಡ್ಡ ನೆರಳು ಹನ್ನೆರಡಕ್ಕೆ ಬೀಳುವುದಿಲ್ಲ. ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು, ಕೊಪ್ಪಳ ಅದಕ್ಕಿಂತ ಸುಮಾರು ಆರೂಕಾಲು ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ನಿಮ್ಮ ನಡುಹಗಲು ಸರಾಸರಿ 12.25ಕ್ಕೆ. ನವೆಂಬರ್ ಮೊದಲ ವಾರ 12.09ರ ಹತ್ತಿರ, ಫೆಬ್ರವರಿ ನಡುವೆ 12.39ರ ಹತ್ತಿರ. ಆದ್ದರಿಂದ ಹನ್ನೆರಡರಿಂದ ಮುಕ್ಕಾಲು ಗಂಟೆ ಐದೈದು ನಿಮಿಷಕ್ಕೊಮ್ಮೆ ಅಳೆಸಿ. ಡಿಸೆಂಬರ್ 22ರ ಸುಮಾರಿಗೆ ಒಂದು ಮೀಟರ್ ಕೋಲಿನ ನಡುಹಗಲ ನೆರಳು ಉತ್ತರಕ್ಕೆ 80 ಸೆಂ.ಮೀ. ಇರುತ್ತದೆ. ಜೂನ್ 21ಕ್ಕೆ ಬರೀ 14 ಸೆಂ.ಮೀ., ಅದೂ ದಕ್ಷಿಣಕ್ಕೆ. ಆಗಸ್ಟ್ 10–11ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೇ ಬಂದು 12.30ರ ಹೊತ್ತಿಗೆ ಕೋಲಿಗೆ ನೆರಳೇ ಇರುವುದಿಲ್ಲ. ಮೋಡ ಅಡ್ಡ ಬರಬಹುದು, ಆದ್ದರಿಂದ ಹಿಂದೆ ಮುಂದೆ ಎರಡೆರಡು ದಿನ ಕೋಲು ತೆಗೆಯದೆ ಬಿಡಿ.